ಕೊನೆಯ ಸ್ಥಾನದಲ್ಲಿ ಕೂತು ಸೂತ್ರ ಬರೆದ ಬ್ರಾಂಚ್ ರಿಕಿ

ಐಪಿಎಲ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲ್‌ಗಳಲ್ಲಿ ಎಲ್ಲರೂ ಜ್ಯೋತಿಷಿಗಳೇ. ಪಾಯಿಂಟ್ಸ್ ಟೇಬಲ್‌ನಲ್ಲಿ ಯಾರು ಮೇಲೆ, ಯಾರು ಕೆಳಗೆ, ನೆಟ್ ರನ್ ರೇಟ್ ಎಷ್ಟು ಬೇಕು, ಈ ಲೆಕ್ಕದ ಮುಂದೆ ಇಂಟರ್ನಲ್ಸ್ ಲೆಕ್ಕವೂ ಸಪ್ಪೆ. ಅಮೆರಿಕದಲ್ಲಿ ಈ ಚಟ ನಮಗಿಂತ ಬಹಳ ಹಳೆಯದು. ಅಲ್ಲಿನ ಬೇಸ್‌ಬಾಲ್‌ನಲ್ಲಿ ಈಗ 30 ತಂಡಗಳು, ಐದೈದು ತಂಡಗಳ ಆರು ಡಿವಿಷನ್‌ಗಳು, ಪ್ರತಿ ತಂಡಕ್ಕೂ 162 ಪಂದ್ಯಗಳು. ಸೀಸನ್ ಶುರುವಾಗುವ ಮೊದಲೇ ಯಾವ ಡಿವಿಷನ್‌ನಲ್ಲಿ ಯಾರು ಮೊದಲು, ಯಾರು ಕೊನೆ ಅಂತ ಪಟ್ಟಿ ಮಾಡುವುದು ಅಲ್ಲಿ ಪತ್ರಕರ್ತರಿಂದ ಹಿಡಿದು ಪ್ರೊಫೆಸರ್‌ಗಳವರೆಗೆ ಎಲ್ಲರಿಗೂ ಹಬ್ಬ. ಐದು ತಂಡಗಳನ್ನು ಜೋಡಿಸಲು 120 ದಾರಿ. ಡಿವಿಷನ್‌ಗಳು ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ, 1950ರ ದಶಕದಲ್ಲಿ ಒಂದು ಲೀಗ್ ಅಂದರೆ ಎಂಟು ತಂಡಗಳ ಒಂದೇ ಪಟ್ಟಿ. ಅದನ್ನು ಜೋಡಿಸಲು 40,320 ದಾರಿ!

ಇಷ್ಟು ದಾರಿಗಳಲ್ಲಿ ಸರಿಯಾದದ್ದಕ್ಕೆ ಹತ್ತಿರ ಹೋಗಲು ಒಂದು ಸೂತ್ರ ಇದೆ ಅಂತ 1954ರಲ್ಲಿ ಒಬ್ಬರು ಪತ್ರಿಕೆಯಲ್ಲಿ ಬರೆದರು. ಅವರು ಗಣಿತಜ್ಞರಲ್ಲ, ಎಂಜಿನಿಯರೂ ಅಲ್ಲ. ಕಾನೂನು ಓದಿದ್ದ, 72 ವರ್ಷದ ಒಬ್ಬ ತಂಡದ ಜನರಲ್ ಮ್ಯಾನೇಜರ್. ತಮಾಷೆ ಏನಂದ್ರೆ, ಅವರದೇ ತಂಡ ಆ ವರ್ಷ ಎಂಟನೇ ಸ್ಥಾನದಲ್ಲಿತ್ತು, ಅಂದರೆ ಕೊನೆಯಲ್ಲಿ. ಅದಕ್ಕೆ ಹಿಂದಿನ ವರ್ಷವೂ ಕೊನೆ. ಅದರ ಹಿಂದಿನ ವರ್ಷವೂ ಕೊನೆಯೇ. ಈ ಸಂಚಿಕೆಯ ವ್ಯಕ್ತಿ ಪರಿಚಯದಲ್ಲಿ ನಾವು ಹೇಳಹೊರಟಿರುವುದು ಆ ಬ್ರಾಂಚ್ ರಿಕಿ ಅವರ ಕಥೆ.

ಹಳ್ಳಿಯಿಂದ ಮೈದಾನಕ್ಕೆ

ವೆಸ್ಲಿ ಬ್ರಾಂಚ್ ರಿಕಿ ಹುಟ್ಟಿದ್ದು 1881ರ ಡಿಸೆಂಬರ್ 20ರಂದು, ಓಹಿಯೋ ರಾಜ್ಯದ ದಕ್ಷಿಣ ಭಾಗದ ಒಂದು ಹಳ್ಳಿಯಲ್ಲಿ. ರೈತರ ಮನೆ, ಕಟ್ಟಾ ಮೆಥಡಿಸ್ಟ್ ಕ್ರೈಸ್ತರ ಮನೆ. ಭಾನುವಾರ ದೇವರ ದಿನ, ಅವತ್ತು ಆಟ ಆಡೋದಿಲ್ಲ ಅಂತ ರಿಕಿ ತಾಯಿಗೆ ಮಾತು ಕೊಟ್ಟಿದ್ದರು. ವೃತ್ತಿಪರ ಆಟಗಾರರಾದ ಮೇಲೂ ಆ ಮಾತು ಮುರಿಯಲಿಲ್ಲ. ಭಾನುವಾರವೇ ಹೆಚ್ಚು ಟಿಕೆಟ್ ಮಾರಾಟವಾಗುವ ಆಟದಲ್ಲಿ ಇದು ಸಣ್ಣ ಹಟವಲ್ಲ.

ಹಳ್ಳಿ ಶಾಲೆಯಲ್ಲಿ ಸ್ವಲ್ಪ ಕಾಲ ಮೇಷ್ಟ್ರಾಗಿದ್ದು, ಆಮೇಲೆ ಓಹಿಯೋ ವೆಸ್ಲಿಯನ್ ಕಾಲೇಜಿಗೆ ಸೇರಿದರು. ಓದುತ್ತಲೇ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಕೋಚ್ ಕೂಡ ಆದರು. ಆ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕಪ್ಪು ವರ್ಣದ ಹುಡುಗ ಇದ್ದ. ಒಮ್ಮೆ ತಂಡ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿಗೆ ಆಡಲು ಹೋದಾಗ ಹೋಟೆಲಿನವರು ಎಲ್ಲರಿಗೂ ರೂಮ್ ಕೊಟ್ಟು ಥಾಮಸ್‌ಗೆ ಮಾತ್ರ ಇಲ್ಲ ಅಂದರು. ರಿಕಿ ಜಗಳ ಆಡಿ ತಮ್ಮ ರೂಮಿನಲ್ಲೇ ಅವನಿಗೊಂದು ಮಂಚ ಹಾಕಿಸಿದರು. ರಾತ್ರಿ ನೋಡಿದರೆ ಹುಡುಗ ಅಳುತ್ತಾ ತನ್ನ ಕೈಗಳನ್ನು ಉಜ್ಜಿಕೊಳ್ಳುತ್ತಿದ್ದ, ಚರ್ಮದ ಬಣ್ಣ ಕಿತ್ತು ಹೋಗಲಿ ಅನ್ನುವ ಹಾಗೆ. ಈ ಘಟನೆಯನ್ನು ರಿಕಿ ಜೀವನವಿಡೀ ಹೇಳಿಕೊಂಡು ಬಂದರು.

ಆಟಗಾರರಾಗಿ ರಿಕಿ ಅಷ್ಟಕ್ಕಷ್ಟೇ. ಅವರು ಕ್ಯಾಚರ್, ಅಂದರೆ ಹೆಚ್ಚುಕಡಿಮೆ ನಮ್ಮ ವಿಕೆಟ್ ಕೀಪರ್ ಜಾಗ. ಎದುರಾಳಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ ಕದ್ದು ಓಡಿದರೆ ಚೆಂಡು ಎಸೆದು ಹಿಡಿಸುವುದು ಅವರ ಕೆಲಸ. 1907ರ ಜೂನ್ 28ರಂದು, ಭುಜದ ನೋವಿನ ನಡುವೆ ಆಡಿದ ಒಂದೇ ಪಂದ್ಯದಲ್ಲಿ ವಾಷಿಂಗ್ಟನ್ ತಂಡದವರು 13 ಸಲ ಹಾಗೆ ಕದ್ದು ಓಡಿದರು. ಯಾರಿಗೂ ಬೇಡದ ದಾಖಲೆ ಅದು. ಆಮೇಲೆ ಕ್ಷಯರೋಗ ಬಂತು. ಗುಣವಾಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1911ಕ್ಕೆ ಕಾನೂನು ಪದವಿ ಮುಗಿಸಿದರು. ಐಡಾಹೋ ರಾಜ್ಯದಲ್ಲಿ ವಕೀಲಿಕೆ ಶುರು ಮಾಡಿದರೆ ಕಕ್ಷಿದಾರರೇ ಬರಲಿಲ್ಲ. ಆಡೋದು ಆಗಲಿಲ್ಲ, ವಾದ ಮಾಡೋದೂ ಆಗಲಿಲ್ಲ. ಉಳಿದದ್ದು ಆಡಿಸುವ ಕೆಲಸ. 1913ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್, 1917ರಲ್ಲಿ ಅದೇ ಊರಿನ ಕಾರ್ಡಿನಲ್ಸ್ ತಂಡದ ಆಡಳಿತಕ್ಕೆ ಬಂದರು.

ಆಟಗಾರರನ್ನು ಬೆಳೆಯುವ ತೋಟ

ಕಾರ್ಡಿನಲ್ಸ್ ಆಗ ಬಡ ತಂಡ. ಚಿಕ್ಕ ಲೀಗಿನಲ್ಲಿ ಒಳ್ಳೇ ಹುಡುಗ ಕಂಡರೆ ನ್ಯೂಯಾರ್ಕಿನ ಶ್ರೀಮಂತ ತಂಡಗಳು ಹೆಚ್ಚು ದುಡ್ಡು ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದವು. ಕೊಳ್ಳೋಕೆ ಆಗದಿದ್ದರೆ ಬೆಳೆಯೋಣ ಅಂತ ರಿಕಿ ಯೋಚಿಸಿದರು. ಸಣ್ಣ ಊರುಗಳ ತಂಡಗಳಲ್ಲಿ ಪಾಲು ಕೊಂಡು, ನೂರಾರು ಹುಡುಗರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿಸುವ ವ್ಯವಸ್ಥೆ ಕಟ್ಟಿದರು. ಇದಕ್ಕೆ ಫಾರ್ಮ್ ಸಿಸ್ಟಮ್ ಅಂತ ಹೆಸರು ಬಿತ್ತು. ಕಾರ್ಡಿನಲ್ಸ್ 1926, 1931, 1934 ಮತ್ತು 1942ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಇವತ್ತು ಅಲ್ಲಿನ ಎಲ್ಲ ತಂಡಗಳೂ ನಡೆಯುವುದು ಇದೇ ಪದ್ಧತಿಯಲ್ಲಿ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡೋಣ. ಆ ನೂರಾರು ಹುಡುಗರಲ್ಲಿ ಬಹುಪಾಲು ಮಂದಿ ಮೇಲೆ ಬರಲೇ ಇಲ್ಲ. ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. ಹೆಚ್ಚಾಗಿ ಬೆಳೆದವರನ್ನು ರಿಕಿ ಮಾರುತ್ತಿದ್ದರು, ಮಾರಿದ ಲಾಭದಲ್ಲಿ ಅವರಿಗೂ ಪಾಲಿತ್ತು. 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಈ ವ್ಯವಸ್ಥೆಯಲ್ಲಿ ನಿಯಮ ಮೀರಿದ್ದಾರೆ ಅಂತ 70ಕ್ಕೂ ಹೆಚ್ಚು ಆಟಗಾರರನ್ನು ಕಾರ್ಡಿನಲ್ಸ್ ಹಿಡಿತದಿಂದ ಬಿಡುಗಡೆ ಮಾಡಿದರು. ಸಂಬಳದ ಮಾತು ಬಂದರೆ ರಿಕಿ ಕೈ ಬಿಗಿ ಅನ್ನೋದು ಊರಿಗೇ ಗೊತ್ತಿತ್ತು.

ಬ್ರೂಕ್ಲಿನ್: ಒಬ್ಬ ಆಟಗಾರ, ಒಬ್ಬ ಲೆಕ್ಕಿಗ

1942ರ ಕೊನೆಗೆ ರಿಕಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಬಂದರು. ಆಗ ದೊಡ್ಡ ಲೀಗುಗಳಲ್ಲಿ ಕಪ್ಪು ವರ್ಣದವರಿಗೆ ಪ್ರವೇಶವೇ ಇರಲಿಲ್ಲ. ಬರೆದಿಟ್ಟ ಕಾನೂನು ಅಂತೇನೂ ಇರಲಿಲ್ಲ, ಆದರೆ ಆರು ದಶಕಗಳಿಂದ ಯಾರೂ ಮುರಿಯದ ಒಪ್ಪಂದ ಅದು. 1945ರ ಆಗಸ್ಟ್ 28ರಂದು ರಿಕಿ ತಮ್ಮ ಆಫೀಸಿಗೆ ಜ್ಯಾಕಿ ರಾಬಿನ್ಸನ್ ಅವರನ್ನು ಕರೆಸಿದರು. ಸುಮಾರು ಮೂರು ತಾಸಿನ ಭೇಟಿ. ಎದುರಾಳಿ, ಹೋಟೆಲ್ ಗುಮಾಸ್ತ, ಪ್ರೇಕ್ಷಕ, ಹೀಗೆ ಒಬ್ಬೊಬ್ಬರ ಪಾತ್ರ ಹಾಕಿ ರಿಕಿಯೇ ಅವರ ಮುಖಕ್ಕೆ ಬೈದರು. ಇಷ್ಟೆಲ್ಲ ಬಂದರೂ ತಿರುಗಿ ಹೊಡೆಯದೆ ಆಡಬಲ್ಲೆಯಾ ಅನ್ನುವ ಪರೀಕ್ಷೆ ಅದು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದರು. ಆ ವರ್ಷ ತಂಡ ಲೀಗ್ ಗೆದ್ದಿತು, 1949ರಲ್ಲಿ ರಾಬಿನ್ಸನ್ ಲೀಗಿನ ಅತ್ಯುತ್ತಮ ಆಟಗಾರರಾದರು.

ಇದರಲ್ಲೂ ಎರಡು ಎಳೆಗಳಿವೆ. ರಿಕಿಗೆ ಥಾಮಸ್‌ನ ನೆನಪೂ ಇತ್ತು, ಬೇರೆ ಯಾರೂ ಮುಟ್ಟದ ಪ್ರತಿಭೆ ಅಲ್ಲಿದೆ ಅನ್ನುವ ವ್ಯಾಪಾರಿ ಲೆಕ್ಕವೂ ಇತ್ತು. ರಾಬಿನ್ಸನ್ ಮೊದಲು ಆಡುತ್ತಿದ್ದ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಡಾಲರ್ ಪರಿಹಾರವನ್ನೂ ಕೊಡಲಿಲ್ಲ.

ಅದೇ 1947ರಲ್ಲಿ ಇನ್ನೊಬ್ಬರು ಡಾಡ್ಜರ್ಸ್ ಸೇರಿದರು. ಅವರ ಬಗ್ಗೆ ಪೇಪರಿನಲ್ಲಿ ದೊಡ್ಡ ಸುದ್ದಿ ಏನೂ ಆಗಲಿಲ್ಲ. ಮಾಂಟ್ರಿಯಲ್ಲಿನ ಆಲನ್ ರಾತ್, ಅಂಕಿ ಅಂಶಗಳ ಹುಚ್ಚು ಹತ್ತಿದ ಮನುಷ್ಯ. ಒಂದು ತಂಡ ಪೂರ್ಣಾವಧಿಗೆ ಸ್ಟಾಟಿಸ್ಟೀಷಿಯನ್ ಒಬ್ಬರನ್ನು ಇಟ್ಟುಕೊಂಡದ್ದು ಅದೇ ಮೊದಲು. ಕಂಪ್ಯೂಟರ್ ಇಲ್ಲ, ಪೆನ್ಸಿಲ್ ಮತ್ತು ಹಾಳೆ ಅಷ್ಟೇ. ಪ್ರತಿ ಪಂದ್ಯದ ಪ್ರತಿ ಎಸೆತವನ್ನೂ ರಾತ್ ಬರೆದಿಟ್ಟರು. ಎಡಗೈ ಪಿಚರ್ ವಿರುದ್ಧ ಯಾರು ಹೇಗೆ, ಬಲಗೈ ವಿರುದ್ಧ ಹೇಗೆ, ಹೊಡೆದ ಚೆಂಡು ಮೈದಾನದ ಯಾವ ಕಡೆ ಹೋಯಿತು, ಎಲ್ಲವೂ. ಡಿಕ್ಸಿ ವಾಕರ್ ಎಂಬ ಜನಪ್ರಿಯ ಆಟಗಾರ ಆಗಿನ್ನೂ ಒಳ್ಳೇ ಸರಾಸರಿಯಲ್ಲಿ ಹೊಡೆಯುತ್ತಿದ್ದರು. ಆದರೆ ಅವರ ಹೊಡೆತಗಳು ನಿಧಾನವಾಗಿ ದಿಕ್ಕು ಬದಲಿಸುತ್ತಿವೆ, ಬ್ಯಾಟ್ ತಡವಾಗಿ ಬರುತ್ತಿದೆ ಅಂತ ರಾತ್ ಅವರ ನಕ್ಷೆ ತೋರಿಸಿತು. ರಾಬಿನ್ಸನ್ ಬಂದದ್ದು ಇಷ್ಟವಿಲ್ಲದೆ ವಾಕರ್ ಮೊದಲೇ ಬೇರೆ ತಂಡಕ್ಕೆ ಕಳಿಸಿ ಅಂತ ಕೇಳಿದ್ದರು. 1947ರ ಸೀಸನ್ ಮುಗಿದ ಮೇಲೆ ರಿಕಿ ಅವರನ್ನು ಪಿಟ್ಸ್‌ಬರ್ಗ್‌ಗೆ ಕಳಿಸಿದರು. ಎರಡೇ ಸೀಸನ್‌ನಲ್ಲಿ ವಾಕರ್ ದೊಡ್ಡ ಲೀಗಿನ ಆಟ ಮುಗಿಯಿತು.

ರಿಕಿ ಮನಸ್ಸು ಎಂಜಿನಿಯರ್‌ದು ಅಂತ ನಮಗನಿಸುವುದು ಇಲ್ಲೇ. ಫ್ಲೋರಿಡಾದ ವೀರೋ ಬೀಚ್‌ನಲ್ಲಿ, ಯುದ್ಧಕಾಲದ ನೌಕಾನೆಲೆಯೊಂದನ್ನು ಅವರು ತರಬೇತಿ ಕೇಂದ್ರವಾಗಿ ಬದಲಿಸಿದರು. ಚೆಂಡು ಎಸೆಯುವ ಯಂತ್ರಗಳು, ಬಲೆ ಕಟ್ಟಿದ ಬ್ಯಾಟಿಂಗ್ ಪಂಜರಗಳು, ಪಿಚರ್ ಗುರಿ ಕಲಿಯಲು ಗಾಳಿಯಲ್ಲಿ ದಾರ ಕಟ್ಟಿ ಮಾಡಿದ ಚೌಕಟ್ಟು, ಎಲ್ಲ ಅಲ್ಲಿದ್ದವು. ಮುಂದೆ ಪಿಟ್ಸ್‌ಬರ್ಗ್‌ನಲ್ಲಿ ಆಟಗಾರರಿಗೆ ಫೈಬರ್ ಗ್ಲಾಸ್ ಹೆಲ್ಮೆಟ್ ಹಾಕಿಸಿದವರೂ ಇವರೇ. ಪ್ರೇಕ್ಷಕರು ನಕ್ಕರು. ಈಗ ಹೆಲ್ಮೆಟ್ ಇಲ್ಲದೆ ಬ್ಯಾಟ್ ಹಿಡಿಯೋದಕ್ಕೇ ಬಿಡಲ್ಲ.

ಸೂತ್ರ

1950ರಲ್ಲಿ ಡಾಡ್ಜರ್ಸ್ ಮಾಲೀಕತ್ವದ ಜಗಳದಲ್ಲಿ ಸೋತು, ತಮ್ಮ ಪಾಲು ಮಾರಿ, ರಿಕಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. 1954ರ ಆಗಸ್ಟ್‌ನಲ್ಲಿ ಲೈಫ್ ವಾರಪತ್ರಿಕೆಯಲ್ಲಿ ಅವರ ಲೇಖನ ಬಂತು. ರಾತ್ ಮತ್ತು ಇತರ ಅಂಕಿಅಂಶ ತಜ್ಞರ ನೆರವಿನಿಂದ ಕಟ್ಟಿದ ಒಂದು ಉದ್ದನೆಯ ಸಮೀಕರಣ ಅದರಲ್ಲಿತ್ತು.

ಅದನ್ನು ಸರಳ ಮಾಡಿ ಹೇಳ್ತೀವಿ, ಕೇಳಿ. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಅದಕ್ಕೆ ವಾಕ್ ಅಂತಾರೆ. ಆದರೆ ಎಲ್ಲರೂ ನಂಬಿದ್ದ ಬ್ಯಾಟಿಂಗ್ ಸರಾಸರಿಯಲ್ಲಿ ವಾಕ್‌ಗೆ ಲೆಕ್ಕವೇ ಇಲ್ಲ. ಒಂದೇ ಬೇಸ್ ತಲುಪಿಸುವ ಸಣ್ಣ ಹೊಡೆತಕ್ಕೂ, ಮೈದಾನದಾಚೆ ಹೋಗುವ ಹೋಮ್ ರನ್‌ಗೂ ಅದರಲ್ಲಿ ಒಂದೇ ಬೆಲೆ. ಇದು ಅರ್ಧ ಸತ್ಯ ಅಂದರು ರಿಕಿ. ಹೊಡೆದು ಬೇರೆಯವರನ್ನು ಮನೆ ಸೇರಿಸಿದ ರನ್‌ಗಳ ಲೆಕ್ಕವೂ ಮೋಸವೇ, ಯಾಕಂದ್ರೆ ಮುಂದೆ ಬೇಸ್ ಮೇಲೆ ಯಾರಾದರೂ ನಿಂತಿದ್ದರೆ ತಾನೇ ಮನೆ ಸೇರಿಸೋದು!

ಅವರ ಸಮೀಕರಣದ ಬ್ಯಾಟಿಂಗ್ ಭಾಗದಲ್ಲಿ ಮೂರು ಪದಗಳು. ಒಂದು, ಹೊಡೆದೋ ವಾಕ್ ಪಡೆದೋ ಚೆಂಡು ತಗುಲಿಸಿಕೊಂಡೋ ಎಷ್ಟು ಸಲ ಬೇಸ್ ತಲುಪಿದರು. ಎರಡು, ಹೊಡೆತದಿಂದ ಸಿಕ್ಕ ಹೆಚ್ಚುವರಿ ಬೇಸ್‌ಗಳು, ಅದಕ್ಕೆ ಮುಕ್ಕಾಲು ತೂಕ. ಮೂರು, ಬೇಸ್ ತಲುಪಿದವರಲ್ಲಿ ಎಷ್ಟು ಪಾಲು ರನ್ ಆಗಿ ಬಂತು. ಎದುರಾಳಿಗೆ ಬಿಟ್ಟುಕೊಟ್ಟ ಹೊಡೆತ, ವಾಕ್, ರನ್‌ಗಳನ್ನೂ ಹೀಗೇ ಅಳೆದು, ಪಿಚರ್‌ಗಳ ಸ್ಟ್ರೈಕ್ಔಟ್‌ಗೆ ಸ್ವಲ್ಪ ರಿಯಾಯಿತಿ ಕೊಟ್ಟು, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಬಂದ ವ್ಯತ್ಯಾಸದ ಪ್ರಕಾರ ತಂಡಗಳನ್ನು ಜೋಡಿಸಿದರೆ, ಸೀಸನ್ ಕೊನೆಯ ಪಟ್ಟಿಗೆ ಬಹಳ ಹತ್ತಿರದ ಕ್ರಮ ಸಿಗುತ್ತದೆ ಅನ್ನುವುದು ಅವರ ವಾದ. ಕೊನೆಯಲ್ಲಿ ಫೀಲ್ಡಿಂಗ್‌ಗೆ ಒಂದು ಪದ ಇತ್ತು. ಅದನ್ನು ಅಳೆಯುವ ದಾರಿಯೇ ಸಿಗದೆ ಅದರ ಬೆಲೆ ಸೊನ್ನೆ ಅಂತ ಇಟ್ಟರು.

ಸೂತ್ರದ ತಿರುಳು ಇಷ್ಟೇ: ಗೆಲುವಿನ ಪಟ್ಟಿ ಅದೃಷ್ಟದ ಚೀಟಿ ಅಲ್ಲ, ಗಳಿಸಿದ್ದು ಮತ್ತು ಬಿಟ್ಟುಕೊಟ್ಟದ್ದರ ವ್ಯತ್ಯಾಸ. ಸುಮಾರು ಕಾಲು ಶತಮಾನದ ನಂತರ ಬಿಲ್ ಜೇಮ್ಸ್ ಇದೇ ವಿಚಾರವನ್ನು ಇನ್ನೂ ಚಿಕ್ಕದು ಮಾಡಿದರು. ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಹಾಗೂ ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಬಂದದ್ದೇ ಗೆಲುವಿನ ಪ್ರಮಾಣ. ಪೈಥಾಗೊರಸ್ ನೆನಪಾಗುವ ರೂಪ, ಹಾಗಾಗಿ ಅದೇ ಹೆಸರು. ರಿಕಿಯವರ ತಂಡದ ಮೇಲೇ ಹಾಕಿ ನೋಡೋಣ. 1952ರಲ್ಲಿ ಪೈರೇಟ್ಸ್ ಗಳಿಸಿದ್ದು 515 ರನ್, ಕೊಟ್ಟದ್ದು 793. ಕ್ಯಾಲ್ಕ್ಯುಲೇಟರ್ ಒತ್ತಿದರೆ 0.297. 154 ಪಂದ್ಯಗಳಿಗೆ ಸುಮಾರು 46 ಗೆಲುವು. ನಿಜವಾಗಿ ಗೆದ್ದದ್ದು 42.

ಕೊನೆಯ ಸ್ಥಾನದ ವರ್ಷಗಳು

ಸೂತ್ರ ಗೊತ್ತಿದ್ದವರ ತಂಡ ಯಾಕೆ ಹೀಗೆ? ರಿಕಿ ಬಂದಾಗ ಪೈರೇಟ್ಸ್ ಬಳಿ ಇದ್ದ ಒಬ್ಬನೇ ದೊಡ್ಡ ತಾರೆ ರಾಲ್ಫ್ ಕೈನರ್. 1946ರಿಂದ 1952ರವರೆಗೆ ಸತತ ಏಳು ವರ್ಷ ಲೀಗಿನಲ್ಲಿ ಹೋಮ್ ರನ್‌ಗಳಲ್ಲಿ ಮೊದಲಿಗ. ಇವರಿದ್ದರೂ ತಂಡ ಕೊನೆ, ಇಲ್ಲದಿದ್ದರೂ ಕೊನೆ, ಇನ್ನು ದುಬಾರಿ ಸಂಬಳ ಯಾಕೆ ಅನ್ನುವ ತರ್ಕದಲ್ಲಿ ರಿಕಿ 1953ರಲ್ಲಿ ಅವರನ್ನು ಶಿಕಾಗೊ ತಂಡಕ್ಕೆ ಕಳಿಸಿಬಿಟ್ಟರು. ಜನ ಸಿಟ್ಟಿಗೆದ್ದರು. ಬದಲಿಗೆ ಅವರು ಸೇರಿಸಿದ್ದು ಅನುಭವವಿಲ್ಲದ ಹುಡುಗರ ದಂಡು. ಫಲಿತಾಂಶ ನೋಡಿ: 1951ರಲ್ಲಿ ಏಳನೇ ಸ್ಥಾನ, 1952, 53, 54, 55ರಲ್ಲಿ ಎಂಟನೇ ಸ್ಥಾನ. 1952ರ 112 ಸೋಲು ಆ ಕಾಲದ ಅತ್ಯಂತ ಕೆಟ್ಟ ಸಾಧನೆಗಳಲ್ಲಿ ಒಂದು.

ಸೂತ್ರ ಮತ್ತು ಭವಿಷ್ಯದ ನಡುವಿನ ಅಂತರ ಇಲ್ಲೇ ಕಾಣುತ್ತದೆ. ಮೆಷಿನ್ ಲರ್ನಿಂಗ್ ಎಲೆಕ್ಟಿವ್ ತಗೊಂಡವರಿಗೆ ತಕ್ಷಣ ಹೊಳೆಯುತ್ತೆ. ಆಡಿ ಮುಗಿದ ಸೀಸನ್‌ನ ಅಂಕಿಗಳಿಗೆ ಹೊಂದುವ ಸಮೀಕರಣ ಬೇರೆ, ಆಡದ ಸೀಸನ್‌ನ ಅಂಕಿಗಳನ್ನು ಮೊದಲೇ ಊಹಿಸುವುದು ಬೇರೆ. ರಿಕಿ ಸೂತ್ರ ಮೊದಲನೆಯ ಕೆಲಸ ಮಾಡುತ್ತಿತ್ತು. ಎರಡನೆಯದಕ್ಕೆ ಪ್ರತಿ ಆಟಗಾರನ ವಯಸ್ಸು, ಕಳೆದ ವರ್ಷದ ಆಟದಲ್ಲಿ ಅದೃಷ್ಟದ ಪಾಲು, ಗಾಯದ ಸಾಧ್ಯತೆ ಎಲ್ಲ ಬೇಕು. ಇವತ್ತಿನ ಮುನ್ಸೂಚನಾ ಮಾದರಿಗಳು ಹಾಗೇ ಒಬ್ಬೊಬ್ಬ ಆಟಗಾರನನ್ನೂ ಅಂದಾಜು ಮಾಡಿ, ಇಡೀ ಸೀಸನ್ನನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ, ಯಾವ ತಂಡ ಎಷ್ಟು ಸಲ ಡಿವಿಷನ್ ಗೆದ್ದಿತು ಅಂತ ಎಣಿಸುತ್ತವೆ.

ಅಷ್ಟಾದರೂ ಒಂದು ಮಿತಿ ಇದೆ. ಸರಿಸಮ ಬಲದ ತಂಡವೊಂದು 162 ಪಂದ್ಯ ಆಡಿದರೆ, ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿದ ಹಾಗೆ ಅಂದುಕೊಂಡರೆ, ಸ್ಟ್ಯಾಂಡರ್ಡ್ ಡೀವಿಯೇಷನ್ 162ರ ಕಾಲುಭಾಗದ ವರ್ಗಮೂಲ, ಅಂದರೆ ಸುಮಾರು 6.4 ಗೆಲುವು. ಬರೀ ಅದೃಷ್ಟದಿಂದಲೇ ಅದೇ ತಂಡ 75 ಗೆಲ್ಲಬಹುದು, 87ನ್ನೂ ಗೆಲ್ಲಬಹುದು. ಡಿವಿಷನ್‌ನಲ್ಲಿ ಎರಡನೇ ಸ್ಥಾನಕ್ಕೂ ನಾಲ್ಕನೇ ಸ್ಥಾನಕ್ಕೂ ಎಷ್ಟೋ ಸಲ ಇರುವ ಅಂತರ ಅಷ್ಟೇ.

ಬಿತ್ತಿದ್ದು ಬೆಳೆದದ್ದು

1955ರ ಸೀಸನ್ ಮುಗಿದ ಮೇಲೆ ರಿಕಿ ಪಿಟ್ಸ್‌ಬರ್ಗ್‌ನ ಹೊಣೆ ಬಿಟ್ಟರು. ಸೋತ ಮುದುಕ ಅನ್ನುವ ಹೆಸರು ಅಂಟಿಕೊಂಡಿತ್ತು. ಆದರೆ ಅವರು ಬಿಟ್ಟುಹೋದ ತೋಟದಲ್ಲಿ ಯಾರಿದ್ದರು ನೋಡಿ. 1952ರಲ್ಲಿ ಸೇರಿಸಿಕೊಂಡ ಡಿಕ್ ಗ್ರೋಟ್. 17ನೇ ವಯಸ್ಸಿಗೆ, 1954ರಲ್ಲಿ ಸಹಿ ಹಾಕಿದ ಬಿಲ್ ಮಜರಾಸ್ಕಿ. ಮತ್ತು 1954ರ ನವೆಂಬರ್‌ನಲ್ಲಿ ಡಾಡ್ಜರ್ಸ್‌ನ ಮಾಂಟ್ರಿಯಲ್ ಶಾಖೆಯಿಂದ ಕೇವಲ 4,000 ಡಾಲರ್‌ಗೆ ಆರಿಸಿಕೊಂಡ ಪೋರ್ಟೊರಿಕೊದ ಹುಡುಗ ರೊಬರ್ಟೊ ಕ್ಲೆಮೆಂಟೆ. ಆಗಷ್ಟೇ ಮುಗಿದ ಸೀಸನ್‌ನಲ್ಲಿ ಕೊನೆಯ ಸ್ಥಾನದಲ್ಲಿದ್ದ ಪೈರೇಟ್ಸ್‌ಗೆ ಆ ಆಯ್ಕೆಯಲ್ಲಿ ಮೊದಲ ಅವಕಾಶ. ಕೊನೆಯಲ್ಲಿದ್ದದ್ದೇ ಕ್ಲೆಮೆಂಟೆ ಸಿಗಲು ಕಾರಣವಾಯಿತು.

1960ರಲ್ಲಿ ಪೈರೇಟ್ಸ್ ಲೀಗಿನಲ್ಲಿ ಮೊದಲ ಸ್ಥಾನಕ್ಕೆ ಬಂದರು. ಗಳಿಸಿದ್ದು 734 ರನ್, ಕೊಟ್ಟದ್ದು 593. ಸೂತ್ರ ಹೇಳುವುದು 93 ಗೆಲುವು, ಗೆದ್ದದ್ದು 95. ಗ್ರೋಟ್ ಲೀಗಿನ ಅತ್ಯುತ್ತಮ ಆಟಗಾರ. ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಅವರು ಮೂರು ಪಂದ್ಯಗಳನ್ನು 16-3, 10-0, 12-0 ಅಂತ ಚಚ್ಚಿ ಗೆದ್ದರು. ಪೈರೇಟ್ಸ್ ಮೂರನ್ನು ಕಷ್ಟಪಟ್ಟು ಗೆದ್ದರು. ಅಕ್ಟೋಬರ್ 13ರಂದು ಏಳನೇ ಪಂದ್ಯ, ಒಂಬತ್ತನೇ ಇನ್ನಿಂಗ್ಸ್, 9-9 ಸಮ. ಮಜರಾಸ್ಕಿ ಹೊಡೆದ ಚೆಂಡು ಗೋಡೆಯಾಚೆ ಹೋಯಿತು. ಏಳು ಪಂದ್ಯಗಳ ಒಟ್ಟು ರನ್ ಯಾಂಕೀಸ್ 55, ಪೈರೇಟ್ಸ್ 27. ಸರಣಿ ಗೆದ್ದವರು ಪೈರೇಟ್ಸ್!

154 ಪಂದ್ಯಗಳಲ್ಲಿ ನಿಜವಾಗುವ ಸೂತ್ರ ಏಳು ಪಂದ್ಯಗಳಲ್ಲಿ ತಲೆಕೆಳಗಾಗಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಮಗೆ ಗೊತ್ತಿಲ್ಲ. ಮಜರಾಸ್ಕಿ ಮುಂದೆ 2001ರಲ್ಲಿ ಹಾಲ್ ಆಫ್ ಫೇಮ್ ಸೇರಿದ್ದು ಮುಖ್ಯವಾಗಿ ತಮ್ಮ ಫೀಲ್ಡಿಂಗ್‌ನಿಂದ. ಹೌದು, ರಿಕಿ ಸಮೀಕರಣದಲ್ಲಿ ಸೊನ್ನೆ ಬೆಲೆ ಸಿಕ್ಕ ಅದೇ ಪದ. ಆದರೆ ಅಳೆಯಲು ಬಾರದ ಆ ಹುಡುಗನನ್ನು ತಂಡಕ್ಕೆ ತಂದದ್ದೂ ರಿಕಿಯವರ ಆಡಳಿತವೇ. ಸೂತ್ರ ಬರೆದ ಮೇಲೂ ಅವರು ಹುಡುಗರನ್ನು ಕಣ್ಣಾರೆ ನೋಡಿ ಬರಲು ಜನರನ್ನು ಊರೂರಿಗೆ ಕಳಿಸುವುದನ್ನು ನಿಲ್ಲಿಸಿರಲಿಲ್ಲ.

ರಿಕಿ ಕೈ ಕಟ್ಟಿ ಕೂರಲಿಲ್ಲ. 1959ರಲ್ಲಿ ಕಾಂಟಿನೆಂಟಲ್ ಲೀಗ್ ಎಂಬ ಮೂರನೇ ದೊಡ್ಡ ಲೀಗ್ ಕಟ್ಟಲು ಅಧ್ಯಕ್ಷರಾದರು. ಅದು ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಅದರ ಒತ್ತಡಕ್ಕೆ ಮಣಿದು ಹಳೆಯ ಲೀಗುಗಳು ಹೊಸ ತಂಡಗಳನ್ನು ಸೇರಿಸಿಕೊಂಡವು. ತಂಡಗಳು ಹೆಚ್ಚಿದ್ದರಿಂದಲೇ ಮುಂದೆ ಡಿವಿಷನ್‌ಗಳು ಬಂದವು.

1965ರ ನವೆಂಬರ್ 13ರಂದು ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಅವರಿಗೆ ಸನ್ಮಾನ. ಆಸ್ಪತ್ರೆಯಿಂದ ಎದ್ದು ಬಂದು, ಧೈರ್ಯದ ಬಗ್ಗೆ ಮಾತಾಡುತ್ತಿದ್ದವರು ವೇದಿಕೆಯಲ್ಲೇ ಕುಸಿದರು. ಮತ್ತೆ ಪ್ರಜ್ಞೆ ಬರಲಿಲ್ಲ. ಡಿಸೆಂಬರ್ 9ರಂದು ತೀರಿಕೊಂಡರು, 84 ತುಂಬಲು 11 ದಿನ ಬಾಕಿ ಇತ್ತು. 1967ರಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.

ಅವರ ಸಮೀಕರಣವನ್ನು ಆಗ ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಬೇಸ್ ತಲುಪುವ ಪ್ರಮಾಣ ಅಧಿಕೃತ ಅಂಕಿಯಾದದ್ದು 1984ರಲ್ಲಿ, ಲೈಫ್ ಲೇಖನ ಬಂದು 30 ವರ್ಷಗಳಾದ ಮೇಲೆ. 2002ರಲ್ಲಿ ಓಕ್ಲೆಂಡ್ ತಂಡ ಅದೇ ಅಂಕಿಯನ್ನು ನಂಬಿ ಕಡಿಮೆ ದುಡ್ಡಿನಲ್ಲಿ ಡಿವಿಷನ್ ಗೆದ್ದಿತು. ನೀವು ನೋಡಿರಬಹುದಾದ ಮನಿಬಾಲ್ ಸಿನಿಮಾದ ಕಥೆ ಅದೇ. ಈ ಸಲ ಯಾವುದೇ ಲೀಗಿನ ಪಟ್ಟಿ ಊಹಿಸಲು ಕೂತಾಗ ಪಾಯಿಂಟ್ಸ್ ಬಿಟ್ಟು, ಗಳಿಸಿದ್ದೆಷ್ಟು ಕೊಟ್ಟದ್ದೆಷ್ಟು ಅಂತ ಎರಡೇ ಕಾಲಮ್ ಹಾಕಿ ನೋಡಿ. ಒಂದೆರಡು ಸಾಲಿನ ಕೋಡ್ ಸಾಕು. ಹೋದ ಸೀಸನ್‌ಗೆ ಎಷ್ಟು ಹೊಂದಿತು, ಬರುವ ಸೀಸನ್‌ಗೆ ಎಷ್ಟು ತಪ್ಪಿತು, ಎರಡನ್ನೂ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.